ಬರ್ಗಂಡಿ ವೈನ್ ಅರ್ಥಮಾಡಿಕೊಳ್ಳಲು ನಾನು ಅನುಸರಿಸಿದ ಕ್ರಮ

ಫ್ರಾನ್ಸಿನ ಬರ್ಗಂಡಿಯಲ್ಲಿ ದ್ರಾಕ್ಷಿಯ ಗೊಂದಲ ಕಡಿಮೆ. ಕೆಂಪು ವೈನ್ ಬಹುಪಾಲು ಪಿನೋ ನ್ವಾರ್, ಬಿಳಿ ಬಹುಪಾಲು ಶಾರ್ಡನೇ. ಹಾಗಾಗಿ ಎರಡು ಬಾಟಲಿಗಳ ರುಚಿ ಬೇರೆ ಬೇರೆ ಇದ್ದರೆ ಮುಖ್ಯವಾಗಿ ಮೂರು ಕಡೆ ಹುಡುಕಬೇಕು: ತೋಟ, ದ್ರಾಕ್ಷಿ ಕೊಯ್ದ ವರ್ಷ, ಮಾಡಿದವರ ಕೈ. ನನ್ನ ಕ್ರಮ ಇಷ್ಟೇ. ಇವುಗಳಲ್ಲಿ ಎರಡನ್ನು ಹಾಗೇ ಉಳಿಸಿಕೊಂಡು ಒಂದನ್ನು ಮಾತ್ರ ಬದಲಿಸುವುದು, ಗ್ಲಾಸುಗಳನ್ನು ಅಕ್ಕಪಕ್ಕ ಇಟ್ಟು ರುಚಿ ನೋಡುವುದು. ಒಂದೊಂದೇ ಬಾಟಲಿ ತೆರೆದು ಕುಡಿದರೆ ಏನೂ ತಲೆಗೆ ಹತ್ತುವುದಿಲ್ಲ, ನೆನಪು ಮೋಸಮಾಡುತ್ತದೆ.

ಮೊದಲು ಲೇಬಲ್ ಓದಲು ಬರಬೇಕು. ಕೆಳಗಿನಿಂದ ಮೇಲಕ್ಕೆ ನಾಲ್ಕು ಹಂತಗಳಿವೆ: ಇಡೀ ಪ್ರದೇಶದ ಹೆಸರಿನ ಬುರ್ಗೋನ್ಯ, ಊರಿನ ಹೆಸರಿನ ವೈನ್, ಪ್ರೆಮಿಯೇ ಕ್ರು (ಊರಿನ ಆಯ್ದ ತೋಟಗಳದ್ದು), ಗ್ರಾಂ ಕ್ರು (ಎಲ್ಲಕ್ಕಿಂತ ಮೇಲಿನ ದರ್ಜೆಯ ತೋಟಗಳದ್ದು). ಹೆಸರನ್ನು ತಪ್ಪಾಗಿ ಓದಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಜೆವ್ರೇ ಎಂಬ ಊರು 1847ರಲ್ಲಿ ತನ್ನ ಪ್ರಸಿದ್ಧ ತೋಟ ಶಾಂಬೆರ್ತಾಂ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡಿತು. ಆದ್ದರಿಂದ ಜೆವ್ರೇ-ಶಾಂಬೆರ್ತಾಂ ಎಂದಿದ್ದರೆ ಅದು ಊರಿನ ವೈನ್. ಶಾರ್ಮ್-ಶಾಂಬೆರ್ತಾಂ ಎಂದಿದ್ದರೆ ಗ್ರಾಂ ಕ್ರು. ಜೋಡಿ ಹೆಸರಿನ ಮೊದಲ ಭಾಗ ಊರೋ ತೋಟವೋ ಎಂದು ನಕ್ಷೆಯಲ್ಲಿ ನೋಡಿಯೇ ಕೊಳ್ಳಿ. ಪ್ರೆಮಿಯೇ ಕ್ರು ಎಂದಿದ್ದು ತೋಟದ ಹೆಸರೇ ಇಲ್ಲದಿದ್ದರೆ, ಸಾಮಾನ್ಯವಾಗಿ ಅದೇ ಊರಿನ ಹಲವು ಪ್ರೆಮಿಯೇ ಕ್ರು ತೋಟಗಳ ಮಿಶ್ರಣ.

ನಕ್ಷೆ ಎಂದೆನಲ್ಲ, ಬರ್ಗಂಡಿಯ ಹೆಸರಾಂತ ತೋಟಗಳಿರುವ ಕೋತ್ ದೋರ್‌ನ ಇಳಿಜಾರನ್ನು ಅಡ್ಡಡ್ಡಲಾಗಿ ಕತ್ತರಿಸಿ ಕಲ್ಪಿಸಿಕೊಂಡರೆ ಅರ್ಧ ಪಾಠ ಮುಗಿದಂತೆ. ತುದಿಯಲ್ಲಿ ಮಣ್ಣು ತೆಳು, ಚಳಿ ಹೆಚ್ಚು. ಬುಡದಲ್ಲಿ ಜೇಡಿಮಣ್ಣು ಆಳ, ನೀರು ಬೇಗ ಬಸಿಯುವುದಿಲ್ಲ. ಸುಣ್ಣಕಲ್ಲಿನ ಮೇಲೆ ಹದವಾದ ಮಣ್ಣಿರುವ, ಪೂರ್ವಕ್ಕೆ ಮುಖಮಾಡಿದ ನಡು ಇಳಿಜಾರಿನಲ್ಲೇ ಬಹುತೇಕ ಗ್ರಾಂ ಕ್ರುಗಳಿವೆ. ಇದಕ್ಕೆ ದೊಡ್ಡ ಅಪವಾದ ಕ್ಲೋ ದ ವುಜೋ. ಸಿಸ್ಟರ್ಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳು ಗೋಡೆ ಕಟ್ಟಿದ ಸುಮಾರು 50 ಹೆಕ್ಟೇರಿನ ಈ ತೋಟ ನಡು ಇಳಿಜಾರಿನಿಂದ ಕೆಳಗಿನ ಹೆದ್ದಾರಿಯವರೆಗೂ ಚಾಚಿದೆ. ಎಲ್ಲವೂ ಗ್ರಾಂ ಕ್ರು, ಒಡೆಯರು ಸುಮಾರು 80 ಮಂದಿ. ಮೇಲಿನ ಸಾಲುಗಳ ವೈನಿಗೂ ಹೆದ್ದಾರಿ ಬದಿಯ ಸಾಲುಗಳ ವೈನಿಗೂ ಲೇಬಲ್ಲಿನಲ್ಲಿ ವ್ಯತ್ಯಾಸವಿಲ್ಲ, ಗ್ಲಾಸಿನಲ್ಲಿ ಇರಬಹುದು. ಯಾರ ಪಾಲು ಎಲ್ಲಿದೆ ಎಂದು ತಿಳಿಯದೆ ಇದನ್ನು ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ತೋಟದ ಗುಣ ತಿಳಿಯಲು ನನಗೆ ಅತ್ಯಂತ ಸ್ಪಷ್ಟವಾಗಿ ಕಂಡ ಜೋಡಿ ಪೊಮಾರ್ ಮತ್ತು ವೊಲ್ನೇ. ಅಕ್ಕಪಕ್ಕದ ಊರುಗಳು. ಒಬ್ಬರೇ ಉತ್ಪಾದಕರ, ಒಂದೇ ವರ್ಷದ, ಊರಿನ ಹಂತದ ಬಾಟಲಿಗಳನ್ನೇ ಆರಿಸಿ. ಪೊಮಾರ್‌ನಲ್ಲಿ ಜೇಡಿ ಹೆಚ್ಚು, ಹಾಗಾಗಿ ಒಗರು ಒಸಡಿಗೆ ಹಿಡಿಯುತ್ತದೆ. ವೊಲ್ನೇ ಪರಿಮಳದಿಂದ ಶುರುವಾಗಿ ನುಣುಪಾಗಿ ಇಳಿಯುತ್ತದೆ. ಬಿಳಿಯಲ್ಲಿ ಇದೇ ಕೆಲಸಕ್ಕೆ ಮರ್ಸೋ ಮತ್ತು ಪ್ಯುಲಿನ್ಯಿ-ಮೊಂರಾಶೇ: ಮೊದಲನೆಯದು ತುಂಬಿಕೊಂಡಂತಿದ್ದರೆ, ಎರಡನೆಯದು ಬಿಗಿ.

ಬೆಂಗಳೂರಿನ ಕೋಣೆಯ ಬಿಸಿಯಲ್ಲಿ ಪಿನೋ ಸುರಿದರೆ ಆಲ್ಕೋಹಾಲ್ ಮೂಗಿಗೆ ಹೊಡೆದು ಪರಿಮಳ ಮುಳುಗುತ್ತದೆ. ಕೆಂಪು 14ರಿಂದ 16 ಡಿಗ್ರಿ, ಒಳ್ಳೆಯ ಬಿಳಿ 11ರಿಂದ 13 ಡಿಗ್ರಿ ಇರಬೇಕು. 27 ಡಿಗ್ರಿಯಲ್ಲಿದ್ದ ಕೆಂಪು ಬಾಟಲಿಗೆ ಫ್ರಿಜ್ಜಿನಲ್ಲಿ ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಗಂಟೆ ಬೇಕು. ನಾನು 13ಕ್ಕೇ ತೆಗೆಯುತ್ತೇನೆ, ಗ್ಲಾಸಿನಲ್ಲಿ ಬೇಗ ಏರುತ್ತದೆ. ಹೊಟ್ಟೆ ಅಗಲವಾದ, ಬಾಯಿ ಕಿರಿದಾದ ಗ್ಲಾಸಿಗೆ 60 ಮಿಲಿಲೀಟರ್ ಸಾಕು. ಬಿಳಿಯನ್ನು ಫ್ರಿಜ್ಜಿನಿಂದ ನೇರ ಸುರಿದರೆ ಬರೀ ಹುಳಿ ಉಳಿಯುತ್ತದೆ.

ಮಾಡಿದವರ ಕೈಯನ್ನು ಮಣ್ಣಿನ ಗುಣ ಎಂದುಕೊಳ್ಳುವುದು ತೀರಾ ಸುಲಭ. ವೆನಿಲ್ಲಾ, ಸುಟ್ಟ ರೊಟ್ಟಿಯ ವಾಸನೆ ಬಂದರೆ ಅದು 228 ಲೀಟರಿನ ಹೊಸ ಓಕ್ ಪೀಪಾಯಿಯದು. ಕೆಂಪಿನಲ್ಲಿ ಹಸಿ ಮಸಾಲೆಯ, ಒಣಗಿದ ಕಡ್ಡಿಯ ವಾಸನೆ ಹಲವೊಮ್ಮೆ ಗೊಂಚಲನ್ನು ತೊಟ್ಟುಸಮೇತ ಹುದುಗಿಸಿದ್ದರಿಂದ. ಬಿಳಿಯಲ್ಲಿ ಗೀರಿದ ಬೆಂಕಿಕಡ್ಡಿಯ ವಾಸನೆಯಿದ್ದರೆ ಗ್ಲಾಸು ತಿರುಗಿಸುತ್ತ ಹತ್ತು ನಿಮಿಷ ಕಾಯಿರಿ, ಸಾಮಾನ್ಯವಾಗಿ ತಗ್ಗುತ್ತದೆ. ಒದ್ದೆ ರಟ್ಟಿನ ವಾಸನೆ ಮಾತ್ರ ಹೋಗುವುದಿಲ್ಲ, ಅದು ಬಿರಡೆಯ ದೋಷ. ಕೆಲವೇ ವರ್ಷಗಳ ಬಿಳಿ ಆಗಲೇ ಗಾಢ ಹೊಂಬಣ್ಣಕ್ಕೆ ತಿರುಗಿ ಕತ್ತರಿಸಿಟ್ಟ ಸೇಬಿನ ವಾಸನೆ ಬೀರಿದರೆ ಅದು ಅಕಾಲಿಕ ಆಕ್ಸಿಡೀಕರಣ, ಅಂದರೆ ಆಮ್ಲಜನಕದಿಂದ ವಯಸ್ಸಿಗೆ ಮುಂಚೆಯೇ ಕೆಟ್ಟದ್ದು. 1990ರ ದಶಕದ ಮಧ್ಯದ ವೈನುಗಳಿಂದ ಬರ್ಗಂಡಿಯ ಬಿಳಿಯನ್ನು ಕಾಡಿದ ತೊಂದರೆ ಇದು. ಅಂಥ ಬಾಟಲಿಯಿಂದ ತೋಟವನ್ನು ಅಳೆಯಬೇಡಿ.

ಕೊನೆಗೆ ವರ್ಷ. 2020 ಬಿಸಿ, ಒಣ ವರ್ಷ: ಹಣ್ಣು ದಟ್ಟ, ಬಣ್ಣ ಗಾಢ. 2021ರ ಏಪ್ರಿಲ್ ಹಿಮ ಚಿಗುರನ್ನು ಸುಟ್ಟಿತು, ಮುಂದೆ ಬೇಸಿಗೆಯೂ ತಂಪು. ಇಳುವರಿ ಕುಸಿಯಿತು, ವೈನ್ ಹಗುರವಾಗಿ ಹುಳಿ ಮುಂದೆ ಬಂತು. ಒಬ್ಬರೇ ಉತ್ಪಾದಕರ ಈ ಎರಡು ವರ್ಷಗಳ ಬುರ್ಗೋನ್ಯ ಕೆಂಪನ್ನೇ ಹೋಲಿಸಿ. ಗ್ರಾಂ ಕ್ರು ಇದಕ್ಕೆ ಬೇಕಾಗಿಲ್ಲ, ಎಳೆಯದರಲ್ಲಿ ಅದು ಮುಚ್ಚಿಕೊಂಡೇ ಇರುತ್ತದೆ. ಕೆಳಹಂತದ ವೈನ್ ಎರಡು ಮೂರು ವರ್ಷಕ್ಕೇ ತನ್ನ ವರ್ಷವನ್ನು ಬಿಚ್ಚಿ ತೋರಿಸುತ್ತದೆ.