ಸಂಬಳದಲ್ಲಿ ಇಎಸ್‌ಐ ಕಟ್ ಆಗ್ತಿದೆಯಾ? ಹಾಗಾದರೆ ಅದನ್ನು ಬಳಸೋದು ಹೀಗೆ

ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಟೈಲರ್. ನಮ್ಮ ಲೈನಿನಲ್ಲಿ ಯಾರಿಗೆ ಜ್ವರ ಬಂದರೂ ಮನೆ ಪಕ್ಕದ ಕ್ಲಿನಿಕ್ಕಿಗೆ ಓಡುತ್ತಾರೆ. ಇಎಸ್‌ಐ ಅನ್ನೋದು ಕೆಲಸಗಾರರಿಗಾಗಿ ಇರುವ ಸರ್ಕಾರಿ ವಿಮೆ. ಅಲ್ಲಿ ಬರೀ ಕ್ಯೂ, ಬರೀ ಮಾತ್ರೆ ಅಂತ ಎಲ್ಲರ ಮಾತು. ಕ್ಯೂ ಇರೋದು ನಿಜ. ಆದರೆ ಕಾಯಿಲೆಯಿಂದ ಮಲಗಿದ ದಿನಗಳಿಗೂ ಅಲ್ಲಿ ದುಡ್ಡು ಸಿಗುತ್ತದೆ ಅನ್ನೋದು ತುಂಬಾ ಜನಕ್ಕೆ ಗೊತ್ತೇ ಇಲ್ಲ.

ಮೊದಲು ಸ್ಯಾಲರಿ ಸ್ಲಿಪ್ ತೆಗೆದು ನೋಡಿ. ಕಟ್ ಆಗಿರುವ ಕಡೆ ಪಿಎಫ್ ಜೊತೆ ಇಎಸ್‌ಐ ಅಂತ ಇರುತ್ತದೆ. ಸಂಬಳದ ಶೇ 0.75 ನಮ್ಮದು, ಶೇ 3.25 ಕಂಪನಿಯದು. 14,000 ಸಂಬಳಕ್ಕೆ ನಮ್ಮಿಂದ 105 ರೂಪಾಯಿ, ಅವರಿಂದ 455. ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಕಡೆ ಕೆಲಸ ಮಾಡುವ, ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ ಇದು ಸಿಗಬೇಕು. ಕಾಂಟ್ರಾಕ್ಟಿನಲ್ಲಿರುವ ಹೌಸ್‌ಕೀಪಿಂಗ್, ಸೆಕ್ಯುರಿಟಿಯವರಿಗೂ ಅಷ್ಟೇ.

ನಿಮ್ಮ 10 ಅಂಕಿಯ ಇನ್ಶೂರೆನ್ಸ್ ನಂಬರ್ ಬರೆದಿಟ್ಟುಕೊಳ್ಳಿ. ಕಂಪನಿ ಬದಲಾದರೂ ಅದೇ ನಂಬರ್ ಕೊಡಿ, ಹೊಸದು ಮಾಡಿಸಬೇಡಿ. ಸ್ಲಿಪ್ಪಿನಲ್ಲಿ ಕಟ್ ಆಗಿದೆ ಅಂದ ಮಾತ್ರಕ್ಕೆ ದುಡ್ಡು ಕಟ್ಟಿದ್ದಾರೆ ಅಂತಲ್ಲ. ಮೊಬೈಲಿನಲ್ಲಿ ಸರ್ಕಾರದ ಉಮಂಗ್ ಆ್ಯಪ್‌ ಹಾಕಿಕೊಂಡು ಇಎಸ್‌ಐಸಿ (ಇಎಸ್‌ಐ ನಡೆಸುವ ನಿಗಮ) ತೆರೆದರೆ ಯಾವ ತಿಂಗಳು ಎಷ್ಟು ದಿನಕ್ಕೆ ಕಟ್ಟಿದ್ದಾರೆ ಅಂತ ಕಾಣುತ್ತದೆ. ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿ ಇದ್ದಂತೆಯೇ ಇದೆಯಾ ನೋಡಿ. ಆಧಾರ್‌ನಲ್ಲಿ ಲಕ್ಷ್ಮಮ್ಮ, ಇಎಸ್‌ಐ ಕಾರ್ಡಿನಲ್ಲಿ ಲಕ್ಷ್ಮಿ ಅಂತಿದ್ದರೆ ಆರೋಗ್ಯ ಚೆನ್ನಾಗಿರುವಾಗಲೇ ಸರಿ ಮಾಡಿಸಿ. ಗಂಡ ಅಥವಾ ಹೆಂಡತಿ, ಮಕ್ಕಳು, ನಿಮ್ಮನ್ನೇ ನಂಬಿರುವ ಅಪ್ಪ-ಅಮ್ಮನ ಹೆಸರೂ ಸೇರಿಸಿ. ಚಿಕಿತ್ಸೆ ಅವರಿಗೂ ಇದೆ.

ಈಗ ಮುಖ್ಯ ವಿಷಯ. ಕಾಯಿಲೆ ರಜೆಗೆ ದಿನಗೂಲಿಯ ಶೇ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ದಿನಕ್ಕೆ 500 ಲೆಕ್ಕ ಬಂದರೆ 350 ರೂಪಾಯಿ. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ಇದಕ್ಕೆ ಆರು ತಿಂಗಳ ಒಂದು ಅವಧಿಯಲ್ಲಿ ಕನಿಷ್ಠ 78 ದಿನಕ್ಕೆ ಇಎಸ್‌ಐ ಕಟ್ಟಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ದುಡಿದ ದಿನಗಳು ಮುಂದಿನ ಜನವರಿಯಿಂದ ಜೂನ್‌ವರೆಗೆ ಕಾಪಾಡುತ್ತವೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನವು ಜುಲೈಯಿಂದ ಡಿಸೆಂಬರ್‌ಗೆ. ಅದಕ್ಕೇ ಸುಮ್ನೆ ಕೆಲಸ ಬಿಟ್ಟು ಬಿಟ್ಟು ಸೇರಬೇಡಿ ಅಂತ ನಾನು ಹುಡುಗಿಯರಿಗೆ ಹೇಳೋದು.

ಇಎಸ್‌ಐ ಡಿಸ್ಪೆನ್ಸರಿಗೆ ಹೋದ ಮೊದಲ ದಿನವೇ ಕೇಳಿ: "ಡಾಕ್ಟ್ರೇ, ಕೆಲಸಕ್ಕೆ ಹೋಗೋಕೆ ಆಗ್ತಿಲ್ಲ, ರಜೆ ಸರ್ಟಿಫಿಕೇಟ್ ಬರೆದುಕೊಡಿ." ನಾಚಿಕೆ ಬೇಡ. ನಮ್ಮ ಲೈನಿನ ಒಬ್ಬಳು ಟೈಫಾಯಿಡ್ ಬಂದಾಗ ಪ್ರೈವೇಟ್ ಕ್ಲಿನಿಕ್ಕಿನಲ್ಲೇ ತೋರಿಸಿದಳು. ಇಎಸ್‌ಐ ಡಾಕ್ಟರ ಚೀಟಿ ಇರಲಿಲ್ಲ. ರಜೆ ದುಡ್ಡು ಬರಲಿಲ್ಲ, ಸಾಲ ಉಳಿಯಿತು. ವಾಸಿಯಾದ ಮೇಲೆ ಫಿಟ್‌ನೆಸ್ ಸರ್ಟಿಫಿಕೇಟ್ ಕೂಡ ಅಲ್ಲೇ ಪಡೆಯಿರಿ. ಎಲ್ಲದರ ಫೋಟೋ ಮೊಬೈಲಿನಲ್ಲಿರಲಿ. ಡಿಸ್ಪೆನ್ಸರಿಯಲ್ಲಿ ಆಗದ ಕಾಯಿಲೆಗೆ ದೊಡ್ಡ ಆಸ್ಪತ್ರೆಗೆ ಕಳಿಸುವ ರೆಫರಲ್ ಚೀಟಿ ಬರೆಸಿಕೊಳ್ಳಿ. ಬೆಂಗಳೂರಿನಲ್ಲಿ ರಾಜಾಜಿನಗರ, ಇಂದಿರಾನಗರದಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ.

ಮೊದಲ ಎರಡು ಹೆರಿಗೆಗೆ 26 ವಾರ, ಪೂರ್ತಿ ಕೂಲಿ. ಹಿಂದಿನ ಎರಡು ಆರು ತಿಂಗಳ ಅವಧಿ ಸೇರಿ 70 ದಿನ ಇದ್ದರೆ ಸಾಕು.

ಕೆಲಸದಲ್ಲಿ ಗಾಯವಾದರೆ ದಿನಗಳ ಲೆಕ್ಕವೇ ಇಲ್ಲ, ಸೇರಿದ ಮೊದಲ ದಿನದಿಂದಲೇ ಶೇ 90ರಷ್ಟು ಕೂಲಿ. ಮೆಷಿನ್ ಸೂಜಿ ಬೆರಳಿನೊಳಗೆ ನುಗ್ಗಿ ಮುರಿಯುತ್ತದಲ್ಲ, ಆಗ ಬ್ಯಾಂಡೇಜ್ ಸುತ್ತಿ ಮತ್ತೆ ಪೀಸ್ ಕೈಗೆ ಕೊಡುತ್ತಾರೆ. ಅಲ್ಲಿಗೇ ಬಿಡಬೇಡಿ. ಅಪಘಾತದ ರಿಜಿಸ್ಟರಿನಲ್ಲಿ ದಿನಾಂಕ, ಗಂಟೆ, ನೋಡಿದವರ ಹೆಸರು ಬರೆಸಿ. ನಾಳೆ ಬೆರಳು ಮಡಚಲು ಬಾರದೆ ಹೋದರೆ ಆ ಸಾಲೇ ಸಾಕ್ಷಿ. ಕೆಲಸಕ್ಕೆ ಬರುವಾಗ, ಹೋಗುವಾಗ ಆದ ಅಪಘಾತಕ್ಕೂ ಕೇಳಬಹುದು.

ಇಎಸ್‌ಐ ಇಲ್ಲದ ಮನೆಕೆಲಸದವರು, ಗಾರೆ ಕೆಲಸದವರು ಬಿಪಿಎಲ್ ಕಾರ್ಡ್, ಆಧಾರ್ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ.

ಕಂಪನಿ ದುಡ್ಡು ಕಟ್ಟಿಲ್ಲ ಅಂತ ಗೊತ್ತಾದರೆ ಇಎಸ್‌ಐಸಿಯ ಉಚಿತ ನಂಬರ್ 1800-11-2526ಕ್ಕೆ ಫೋನ್ ಮಾಡಿ. ಹತ್ತಿರದ ಬ್ರಾಂಚ್ ಆಫೀಸಿಗೆ ಸ್ಲಿಪ್ಪುಗಳ ಸಮೇತ ದೂರು ಬರೆದುಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಂಡು ಬನ್ನಿ. ಒಬ್ಬರೇ ಹೋಗಬೇಡಿ, ಲೈನಿನವರು ನಾಲ್ಕೈದು ಜನ ಸೇರಿ ಹೋಗಿ.