ಮರೆವಿನ ಕಾಯಿಲೆ: ಮಲೆನಾಡಿನ ಗ್ರಾಮ ಪಂಚಾಯಿತಿ ಮಾಡಬೇಕಾದ ಕೆಲಸ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮ್ಮ ಕಡೆ ಎಷ್ಟು ಬೇರೂರಿದೆಯೆಂದರೆ, ಮರೆವು ತರುವ ಡಿಮೆನ್ಶಿಯಾ ಒಂದು ಕಾಯಿಲೆ ಎಂಬುದೇ ಮನೆಯವರಿಗೆ ಹೊಳೆಯುವುದಿಲ್ಲ. ನನ್ನ ದೊಡ್ಡಮ್ಮ ಅಡಿಕೆ ಸುಗ್ಗಿ ಮುಗಿದು ತಿಂಗಳಾದರೂ ನಸುಕಿನಲ್ಲೇ ಎದ್ದು, ಅಡಿಕೆ ಬೇಯಿಸುವ ಖಾಲಿ ಹಂಡೆಯ ಕೆಳಗೆ ಬೆಂಕಿ ಹಾಕುತ್ತಿದ್ದರು. ಅಭ್ಯಾಸಬಲ ಎಂದುಕೊಂಡು ನಾವು ಎರಡು ವರ್ಷ ಕಳೆದೆವು. ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು ಮಂದಿಗೆ ಈ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿದೆ. ಮಕ್ಕಳು ಬೆಂಗಳೂರು ಸೇರಿ, ತೋಟದ ನಡುವಿನ ಒಂಟಿ ಮನೆಗಳಲ್ಲಿ ಹಿರಿಯರಷ್ಟೇ ಉಳಿದಿರುವ ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಈ ಹೊಣೆಯನ್ನು ಮನೆಯವರ ಮೇಲೆಯೇ ಬಿಟ್ಟರೆ ಸಾಗದು.

ಮೊದಲು ಗುರುತಿಸಬೇಕು. ಅದಕ್ಕೆ ಹೊಸ ಸಮೀಕ್ಷೆ ಬೇಕಿಲ್ಲ. ಬಿಪಿ, ಸಕ್ಕರೆ ಕಾಯಿಲೆಗಳ ತಪಾಸಣೆಗೆಂದು ಆಶಾ ಕಾರ್ಯಕರ್ತೆಯರು ತುಂಬಿಸುವ ನಮೂನೆಯಲ್ಲೇ, ಹತ್ತಿರದವರ ಹೆಸರು ಅಥವಾ ಸ್ವಂತ ಮನೆಯ ವಿಳಾಸ ಮರೆಯುತ್ತದೆಯೇ ಎಂದು 60 ದಾಟಿದವರನ್ನು ಕೇಳುವ ಪ್ರಶ್ನೆಯಿದೆ. ಅದನ್ನು ಜೊತೆಗಿರುವವರಿಗೂ ಕೇಳಬೇಕು, ಏಕೆಂದರೆ ತಾವು ಮರೆಯುತ್ತಿದ್ದೇವೆ ಎಂಬುದು ಅನೇಕ ವೇಳೆ ಮರೆಯುವವರಿಗೇ ತಿಳಿದಿರುವುದಿಲ್ಲ. ಒಂಟಿಯಾಗಿರುವವರಾದರೆ ಹಾಲಿನ ಡೇರಿಯವರನ್ನೋ ತೋಟದ ಕೆಲಸಕ್ಕೆ ಬರುವವರನ್ನೋ ವಿಚಾರಿಸಬೇಕು. ಹೀಗೆ ಗುರುತಿಸಿದವರೆಲ್ಲರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸುವುದು ಅಗತ್ಯ. ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆ, ಖಿನ್ನತೆ, ಕೆಲವು ಮಾತ್ರೆಗಳ ಅಡ್ಡಪರಿಣಾಮ ಇವುಗಳಿಂದಲೂ ಮರೆವು ಬರುತ್ತದೆ, ಮತ್ತು ಅಂಥ ಮರೆವು ಚಿಕಿತ್ಸೆಯಿಂದ ಸುಧಾರಿಸಬಲ್ಲದು. ಇವಾವುವೂ ಕಾರಣವಲ್ಲವೆಂದಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸಬೇಕು. ಬಸ್ಸಿನ ಗದ್ದಲಕ್ಕೆ ಇವರು ಕಂಗಾಲಾಗುವುದರಿಂದ, ತಿಂಗಳಿಗೊಂದು ದಿನ ವಾಹನದ ವ್ಯವಸ್ಥೆ ಮಾಡುವಂತೆ ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿರಿ.

ಮುಂಗಾರಿಗೆ ಮುನ್ನವೇ ಮುಗಿಸಬೇಕಾದ ಕೆಲಸವೊಂದಿದೆ. ಈ ಕಾಯಿಲೆಯವರು ಹೊತ್ತಲ್ಲದ ಹೊತ್ತಿನಲ್ಲಿ ಹೊರಟುಬಿಡುತ್ತಾರೆ. ನಮ್ಮಲ್ಲಿ ದಾರಿ ತಪ್ಪಿದವರ ಎದುರಿಗಿರುವುದು ತುಂಬಿದ ಹಳ್ಳ. ಅಂಥವರ ಮನೆಯ ಹತ್ತಿರದ ಕಾಲುಸಂಕಗಳಿಗೆ (ಹಳ್ಳ ದಾಟುವ ಕಿರುಸೇತುವೆಗಳಿಗೆ) ಕೈಹಿಡಿ ಕಟ್ಟಿಸಬೇಕು, ಮತ್ತು ಮನೆಯವರ ಒಪ್ಪಿಗೆ ಪಡೆದು ಅಂಗಡಿಯವರಿಗೆ, ಆಟೊ ನಿಲ್ದಾಣದವರಿಗೆ ಅವರ ಗುರುತು ಹೇಳಿಟ್ಟಿರಬೇಕು.

ನೋಡಿಕೊಳ್ಳುವವರನ್ನು ಮರೆಯುವುದೇ ನಮ್ಮ ಯೋಜನೆಗಳ ದೊಡ್ಡ ಕೊರತೆ ಎಂದು ನನಗನ್ನಿಸುತ್ತದೆ. ರಾತ್ರಿಯೆಲ್ಲ ಎಚ್ಚರವಿರುವ ಸೊಸೆಗೆ ವಾರದಲ್ಲಿ ಅರ್ಧ ದಿನವಾದರೂ ಬಿಡುವು ಸಿಗುವಂತೆ, ಸಮುದಾಯ ಭವನದಲ್ಲಿ ಹಿರಿಯರನ್ನು ನೋಡಿಕೊಳ್ಳುವ ಏರ್ಪಾಡು ಮಾಡಬಹುದು. ಹಿರಿಯರ ಸಹಾಯವಾಣಿ 14567 ಮತ್ತು ಮಾನಸಿಕ ಆರೋಗ್ಯದ ಟೆಲಿ ಮನಸ್ 14416 ಸಂಖ್ಯೆಗಳನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿರಿ. ಮಕ್ಕಳು ಕೈಬಿಟ್ಟಿದ್ದರೆ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಗೆ ಸಂಬಂಧಿಸಿದ 2007ರ ಕಾಯ್ದೆಯಡಿ ಜೀವನಾಂಶ ಕೋರಿ ಉಪವಿಭಾಗಾಧಿಕಾರಿಗೆ ಅರ್ಜಿ ಸಲ್ಲಿಸಬಹುದು: ತೀರ್ಥಹಳ್ಳಿಯವರು ಶಿವಮೊಗ್ಗಕ್ಕೆ, ಹೊಸನಗರದವರು ಸಾಗರಕ್ಕೆ.