ಪಟ್ಟಣದಲ್ಲಿ ಕೆಲಸ ಕೊಡಿಸ್ತೀನಿ ಅಂತ ಬಂದವರನ್ನು ನಂಬುವ ಮುಂಚೆ

ಮಳೆ ಕೈಕೊಟ್ಟು, ಸಂಘದ ಕಂತು ಬಾಕಿ ಬಿದ್ದ ಮನೆಯನ್ನು ನೋಡಿಕೊಂಡೇ ಏಜೆಂಟರು ಬರುತ್ತಾರೆ. ಕೆಲಸದ ಆಸೆ ತೋರಿಸಿ ಹುಡುಗಿಯರನ್ನು ಕರೆದೊಯ್ದು ಮೈ ಮಾರುವ ದಂಧೆಗೆ ತಳ್ಳುವವರೂ ಇವರಲ್ಲಿದ್ದಾರೆ. ಬರುವವರು ಗುರುತಿಲ್ಲದವರೇ ಆಗಬೇಕಿಲ್ಲ, ದೂರದ ನೆಂಟರು, ಪಕ್ಕದ ಊರಿನ ಅಕ್ಕ, ಯಾರೂ ಆಗಿರಬಹುದು.

ಮೊದಲು ಅಡ್ವಾನ್ಸ್ ಮೇಲೆ ಕಣ್ಣಿಡಿ. ಕೆಲಸಕ್ಕೆ ಸೇರುವ ಮುಂಚೆಯೇ ಅಪ್ಪನ ಕೈಗೆ ಇಪ್ಪತ್ತು ಸಾವಿರ ಕೊಡುವವನು ಅದನ್ನು ಯಾರಿಂದ ವಸೂಲಿ ಮಾಡುತ್ತಾನೆ? ಹುಡುಗಿಯಿಂದಲೇ ಅಲ್ವಾ? ಆ ದುಡ್ಡು, ಬಸ್ ಚಾರ್ಜು, ಸೀರೆ, ಊಟ, ಮಂಚದ ಬಾಡಿಗೆ, ಜ್ವರ ಬಂದರೆ ಡಾಕ್ಟರ್ ಫೀಸು ಎಲ್ಲವನ್ನೂ ಅವಳ ಹೆಸರಿಗೇ ಸಾಲ ಅಂತ ಬರೆಯುತ್ತಾರೆ, ಅದಕ್ಕೆ ಬಡ್ಡಿ ಬೇರೆ, ಹಾಗಾಗಿ ಎಷ್ಟು ದುಡಿದರೂ ಆ ಲೆಕ್ಕ ಮುಗಿಯುವುದೇ ಇಲ್ಲ. ಲಾಡ್ಜ್ ಮಾಲೀಕ, ದಲ್ಲಾಳಿ, ಸಾಲ ಕೊಟ್ಟವನು, ಎಲ್ಲರಿಗೂ ಅವಳಿಂದ ಲಾಭ. ಅವಳ ಕೈಗೆ ಮಾತ್ರ ಏನೂ ಇಲ್ಲ.

ನಮ್ಮಲ್ಲಿ ಇದು ಹೊಸದಲ್ಲ. ಮುತ್ತು ಕಟ್ಟುವುದನ್ನು, ಅಂದರೆ ದೇವರ ಹೆಸರಿನಲ್ಲಿ ಹುಡುಗಿಯನ್ನು ದೇವದಾಸಿ ಮಾಡುವುದನ್ನು, ಕರ್ನಾಟಕದ 1982ರ ಕಾನೂನು ನಿಷೇಧಿಸಿತು. ಆದರೂ ಬೆಳಗಾವಿ, ವಿಜಯಪುರ ಕಡೆಯಿಂದ ಎಷ್ಟೋ ಹುಡುಗಿಯರು ಮುಂಬೈ, ಪುಣೆ, ಸಾಂಗ್ಲಿ ಸೇರಿದರು. ಹೆಚ್ಚಿನವರು ಭೂಮಿಯಿಲ್ಲದ ದಲಿತರ ಮನೆಯವರು. ಕೂಲಿ ಸರಿಯಾಗಿ ಸಿಕ್ಕಿದ್ದರೆ ಯಾವ ತಾಯಿ ಕಳಿಸುತ್ತಿದ್ದಳು?

ಕೆಲಸದ ಜಾಗದ ಪೂರ್ತಿ ವಿಳಾಸ, ಮಾಲೀಕರ ನಂಬರ್ ಕೇಳಿ. ಕೊಡಲು ತಡವರಿಸಿದರೆ ಅಲ್ಲಿಗೇ ಬಿಡಿ. ಮನೆಯವರೊಬ್ಬರು ಜೊತೆಗೆ ಹೋಗಿ ಕಣ್ಣಾರೆ ನೋಡಿ ಬರಲಿ. ಅಸಲಿ ಆಧಾರ್ ಯಾರ ಕೈಗೂ ಕೊಡಬೇಡಿ. ಫೋನ್ ಕಿತ್ತುಕೊಂಡರೂ ನೆನಪಿರುವ ಹಾಗೆ ಮನೆಯ ನಂಬರನ್ನು ಹುಡುಗಿ ಬಾಯಿಪಾಠ ಮಾಡಲಿ. "ಅಜ್ಜಿಗೆ ಮಂಡಿ ನೋವು ಹೇಗಿದೆ" ಅಂತ ಕೇಳಿದರೆ ಕಷ್ಟದಲ್ಲಿದ್ದಾಳೆ ಅಂತ ಅರ್ಥ, ಹೀಗೊಂದು ಗುಟ್ಟಿನ ಮಾತನ್ನೂ ಮೊದಲೇ ಮಾಡಿಕೊಳ್ಳಿ.

ಫೋನ್ ನಿಂತುಹೋಯಿತಾ? ಮರ್ಯಾದೆ ಅಂತ ಸುಮ್ನೆ ಕೂರಬೇಡಿ. 112ಕ್ಕೆ ಮಾಡಿ. ಮಕ್ಕಳಾದರೆ 1098, ಹೆಂಗಸರಿಗೆ 181. ನಾಳೆ ಬನ್ನಿ ಅಂತ ಪೊಲೀಸರು ಹೇಳಿದರೆ ಒಪ್ಪಬೇಡಿ, ಇದು ನಮ್ಮ ಠಾಣೆಯ ವ್ಯಾಪ್ತಿಗೆ ಬರಲ್ಲ ಅಂದರೆ ಝೀರೋ ಎಫ್‌ಐಆರ್ (ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದಾಖಲಿಸುವ ದೂರು) ಹಾಕಿ ಅನ್ನಿ, ಅದು ನಿಮ್ಮ ಹಕ್ಕು.

"ಅವಳೇ ಒಪ್ಪಿ ಹೋದಳು" ಅನ್ನುವವರು ಇದ್ದೇ ಇರುತ್ತಾರೆ. ಮೋಸ ಮಾಡಿಯೋ ಹೆದರಿಸಿಯೋ ಸಾಗಿಸಿದ್ದರೆ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಪ್ರಕಾರ ಆ ಒಪ್ಪಿಗೆ ಲೆಕ್ಕಕ್ಕೇ ಬರುವುದಿಲ್ಲ. ವಾಪಸ್ ಬಂದವಳನ್ನು ಏನಾಯಿತು ಅಂತ ಕೆದಕಬೇಡಿ. ಊಟ ಹಾಕಿ, ಮಲಗಲು ಬಿಡಿ. ಆಮೇಲೆ ಪರಿಹಾರದ ಅರ್ಜಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅವಳ ಜೊತೆ ನೀವೇ ಹೋಗಿ.